ಮಳೆಗಿಂತ ಮೊದಲು ಗಾಳಿಯ ಬಗ್ಗೆ ಯೋಚಿಸಿ: ಗಾರ್ಡನ್ ಪಾರ್ಟಿಗೆ ಹವಾಮಾನದ ತಯಾರಿ

ಮನೆಯ ಹಿಂದಿನ ಹುಲ್ಲುಹಾಸಿನ ಮೇಲೆ ಮೇಜು ಹಾಕಿ, ಮರಗಳಿಗೆ ದೀಪದ ಸರ ಕಟ್ಟಿ, ಬೇಕಾದವರನ್ನೆಲ್ಲ ಕರೆಯಬೇಕು ಅಂದುಕೊಂಡ ಕೂಡಲೇ ಬರುವ ಪ್ರಶ್ನೆ ಒಂದೇ: ಮಳೆ ಬಂದರೆ? ಕೇಳಬೇಕಾದ ಪ್ರಶ್ನೆಯೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಸಾಲದು. ಮಳೆ ಬಂದರೆ ಜನ ನೆನೆಯುತ್ತಾರೆ, ಊಟ ತಡವಾಗುತ್ತದೆ, ಬೇಜಾರಾಗುತ್ತದೆ. ಗಾಳಿ ಬಂದರೆ ಟೆಂಟ್ ಕಿತ್ತುಕೊಂಡು ಹೋಗುತ್ತದೆ, ಕಂಬ ಯಾರಿಗೋ ಬಡಿಯುತ್ತದೆ. ಸಿಡಿಲು ಬಂದರೆ ಟೆಂಟ್ ಇದ್ದೂ ಪ್ರಯೋಜನವಿಲ್ಲ. ಬಿಸಿಲು ಏರಿದರೆ ಅದೇ ಟೆಂಟಿನೊಳಗೆ ಕೂರಲಾಗುವುದಿಲ್ಲ.

ಅಂದರೆ ಕೆಟ್ಟ ಹವಾಮಾನ ಅನ್ನುವುದು ಒಂದೇ ವಿಷಯ ಅಲ್ಲ. ಒಂದಕ್ಕೆ ಮಾಡಿದ ತಯಾರಿ ಇನ್ನೊಂದಕ್ಕೆ ಮುಳುವಾಗಬಹುದು. ಎರಚಲು ತಡೆಯಲು ಟೆಂಟಿಗೆ ಪಕ್ಕದ ಪರದೆ ಕಟ್ಟಿದರೆ ಗಾಳಿಗೆ ಒಳ್ಳೆಯ ಹಿಡಿತ ಸಿಗುತ್ತದೆ. ಚಳಿಗೆ ಅಂತ ಒಳಗೆ ಕೆಂಡ ಇಟ್ಟರೆ ವಿಷದ ಅನಿಲ ತುಂಬುತ್ತದೆ. ಹಾಗಾಗಿ ಒಂದೊಂದನ್ನೂ ಬೇರೆಯಾಗಿ ನೋಡಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಳೆಗೆ ತಯಾರಾಗುವವರು ಬಹಳ ಜನ, ಗಾಳಿಗೆ ತಯಾರಾಗುವವರು ಕಡಿಮೆ. ಜಾಸ್ತಿ ಅಪಾಯ ಇರುವುದು ಗಾಳಿಯಲ್ಲಿ ಮತ್ತು ಸಿಡಿಲಿನಲ್ಲಿ. ಇವೆರಡಕ್ಕೂ ಸಾಮಾನು ತಂದಿಟ್ಟರೆ ಸಾಕಾಗುವುದಿಲ್ಲ. ಯಾವಾಗ ನಿಲ್ಲಿಸಬೇಕು ಅನ್ನುವ ತೀರ್ಮಾನವೂ ಮೊದಲೇ ಆಗಿರಬೇಕು.

ಮುನ್ಸೂಚನೆಯನ್ನು ಓದುವ ಬಗೆ

ಫೋನಿನಲ್ಲಿ "ಶನಿವಾರ ಮಳೆ 40%" ಅಂತ ಬರುತ್ತದೆ. ದಿನದ 40 ಭಾಗ ಮಳೆ ಸುರಿಯುತ್ತದೆ ಅಂತ ಕೆಲವರು ತಿಳಿಯುತ್ತಾರೆ. ಹಾಗಲ್ಲ. ಇಂಥದ್ದೇ ಮುನ್ಸೂಚನೆ ಇರುವ ಹತ್ತು ದಿನ ತೆಗೆದುಕೊಂಡರೆ, ನೀವಿರುವ ಜಾಗದಲ್ಲಿ ಸುಮಾರು ನಾಲ್ಕು ದಿನ ಮಳೆ ಬೀಳುತ್ತದೆ, ಆರು ದಿನ ಬೀಳುವುದಿಲ್ಲ. ಅಷ್ಟೇ ಅದರ ಅರ್ಥ. ಎಷ್ಟು ಹೊತ್ತು ಬೀಳುತ್ತದೆ, ಎಷ್ಟು ಜೋರಾಗಿ ಬೀಳುತ್ತದೆ ಅನ್ನುವುದು ಆ ಸಂಖ್ಯೆಯಲ್ಲಿ ಇಲ್ಲವೇ ಇಲ್ಲ. ಐದು ನಿಮಿಷದ ತುಂತುರಿಗೂ 40% ಇರಬಹುದು, ಎರಡು ಗಂಟೆಯ ಜಡಿಮಳೆಗೂ ಇರಬಹುದು.

ಈ ಶೇಕಡಾ ಬರುವುದು ಹೇಗೆ ಗೊತ್ತಾ? ಇವತ್ತಿನ ಗಾಳಿ, ಒತ್ತಡ, ತೇವಾಂಶವನ್ನು ಕಂಪ್ಯೂಟರಿಗೆ ಕೊಟ್ಟು ನಾಳಿನದನ್ನು ಲೆಕ್ಕ ಹಾಕಿಸುತ್ತಾರೆ. ಆದರೆ ಇವತ್ತಿನ ಅಳತೆಯಲ್ಲೇ ಸಣ್ಣ ಸಣ್ಣ ತಪ್ಪುಗಳಿರುತ್ತವೆ. ಆರಂಭದ ಸಣ್ಣ ವ್ಯತ್ಯಾಸ ದಿನ ಕಳೆದ ಹಾಗೆ ದೊಡ್ಡದಾಗಿ ಬೆಳೆಯುತ್ತದೆ ಅನ್ನುವುದನ್ನು ಎಡ್ವರ್ಡ್ ಲೊರೆಂಜ್ 1963ರಲ್ಲಿ ತೋರಿಸಿದರು. ಅದಕ್ಕೇ ಈಗ ಹವಾಮಾನ ಕೇಂದ್ರಗಳು ಒಂದೇ ಲೆಕ್ಕವನ್ನು ಹತ್ತಾರು ಸಲ ಮಾಡುತ್ತವೆ. ಪ್ರತಿ ಸಲವೂ ಆರಂಭದ ಅಳತೆಯನ್ನು ಚೂರು ಬದಲಿಸುತ್ತವೆ. 50 ಲೆಕ್ಕಗಳಲ್ಲಿ 20ರಲ್ಲಿ ಮಳೆ ಬಂದರೆ ಸಾಧ್ಯತೆ ಸುಮಾರು 40% ಆಯಿತು.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ದೂರದ ದಿನದ ಮುನ್ಸೂಚನೆಯ ಮೇಲೆ ಭಾರ ಹಾಕಬಾರದು. ಅಮೆರಿಕದ ಹವಾಮಾನ ಸಂಸ್ಥೆ ನೋವಾ ಹೇಳುವ ಪ್ರಕಾರ ಐದು ದಿನದ ಮುನ್ಸೂಚನೆ ಸುಮಾರು 90% ಸಲ ಸರಿಯಾಗುತ್ತದೆ, ಏಳು ದಿನದ್ದು ಸುಮಾರು 80%. ಹತ್ತು ದಿನ ಅಥವಾ ಅದಕ್ಕಿಂತ ಆಚೆಯದು ಅರ್ಧದಷ್ಟು ಸಲ ಮಾತ್ರ. ಅಂದರೆ ಎರಡು ವಾರ ಮೊದಲೇ ಆ್ಯಪ್ ತೆಗೆದು ಬಿಸಿಲಿನ ಚಿತ್ರ ನೋಡಿ ಖುಷಿಪಡುವುದರಲ್ಲಿ ಅರ್ಥವಿಲ್ಲ. ಮೋಡದ ಚಿತ್ರ ನೋಡಿ ಕೊರಗುವುದರಲ್ಲೂ ಇಲ್ಲ. ಟೆಂಟ್ ಬೇಕೋ ಬೇಡವೋ ಅನ್ನುವುದನ್ನು ಆ ತಿಂಗಳಿನಲ್ಲಿ ಸಾಮಾನ್ಯವಾಗಿ ಹವಾಮಾನ ಹೇಗಿರುತ್ತದೆ ಅನ್ನುವುದರ ಮೇಲೆ ತೀರ್ಮಾನಿಸಿ. ಮುನ್ಸೂಚನೆಯನ್ನು ಗಂಭೀರವಾಗಿ ನೋಡಲು ಶುರುಮಾಡುವುದು ಐದು ದಿನ ಇರುವಾಗ. ಗಂಟೆ ಗಂಟೆಯ ವಿವರಕ್ಕೆ ಬೆಲೆ ಬರುವುದು ಕೊನೆಯ ಎರಡು ದಿನಗಳಲ್ಲಿ.

ಪಾರ್ಟಿಯ ದಿನ ನೋಡಬೇಕಾದದ್ದು ಬೇರೆಯೇ: ರೇಡಾರ್ ಚಿತ್ರ. ಮಳೆ ಈಗ ಎಲ್ಲಿ ಬೀಳುತ್ತಿದೆ, ಯಾವ ಕಡೆಗೆ ಸಾಗುತ್ತಿದೆ ಅನ್ನುವುದು ಅದರಲ್ಲಿ ಕಣ್ಣಿಗೆ ಕಾಣುತ್ತದೆ. ಹಿಂದಿನ ಒಂದು ಗಂಟೆಯ ಚಲನೆಯನ್ನು ಓಡಿಸಿ ನೋಡಿದರೆ ಮುಂದಿನ ಒಂದು ಗಂಟೆಯನ್ನು ಸಾಕಷ್ಟು ಚೆನ್ನಾಗಿ ಅಂದಾಜು ಮಾಡಬಹುದು. ಆದರೆ ಬಿಸಿಲಿನ ಮಧ್ಯಾಹ್ನ ನಿಮ್ಮ ತಲೆಯ ಮೇಲೆಯೇ ಹುಟ್ಟುವ ಗುಡುಗು ಮೋಡವನ್ನು ರೇಡಾರ್ ಒಂದು ಗಂಟೆ ಮೊದಲೇ ತೋರಿಸುವುದಿಲ್ಲ. ಆಕಾಶವನ್ನೂ ನೋಡುತ್ತಿರಬೇಕು.

ಮುನ್ಸೂಚನೆಯಲ್ಲಿ ಬಹಳ ಜನ ನೋಡದೇ ಬಿಡುವ ಒಂದು ಸಾಲಿದೆ. ಗಾಳಿಯ ವೇಗದ ಪಕ್ಕದಲ್ಲಿ, ರಭಸದ ಗಾಳಿಗೆ ಬೇರೆ ಸಂಖ್ಯೆ ಕೊಟ್ಟಿರುತ್ತಾರೆ. ಮೊದಲನೆಯದು ಕೆಲವು ನಿಮಿಷಗಳ ಸರಾಸರಿ. ಎರಡನೆಯದು ಕೆಲವೇ ಸೆಕೆಂಡು ಒಮ್ಮೆಲೇ ನುಗ್ಗುವ ಗಾಳಿ. ಸರಾಸರಿ 25 ಕಿಮೀ ಇರುವಾಗ ಒಂದೊಂದು ರಭಸ 40 ಕಿಮೀ ದಾಟುವುದು ಮಾಮೂಲು. ಟೆಂಟನ್ನು ಕೀಳುವುದು ಸರಾಸರಿ ಅಲ್ಲ, ಈ ರಭಸ. ಆ ಸಂಖ್ಯೆಯನ್ನೇ ನೋಡಿ.

ಗಾಳಿ

ಗಾಳಿಯ ವಿಷಯದಲ್ಲಿ ಒಂದೇ ಒಂದು ಲೆಕ್ಕ ತಿಳಿದಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ಒತ್ತಡ ಒಂಬತ್ತು ಪಟ್ಟು.

ಗಂಟೆಗೆ 36 ಕಿಮೀ ವೇಗದ ಗಾಳಿ ಒಂದು ಚದರ ಮೀಟರ್ ಬಟ್ಟೆಗೆ ನೇರವಾಗಿ ಬಡಿದರೆ ಸುಮಾರು 6 ಕೆಜಿ ತೂಕದಷ್ಟು ನೂಕುತ್ತದೆ. 72 ಕಿಮೀ ಆದರೆ ಸುಮಾರು 25 ಕೆಜಿ. ಈಗ ಮಡಚುವ ಸಣ್ಣ ಟೆಂಟನ್ನು ತೆಗೆದುಕೊಳ್ಳಿ. ಉದ್ದ 3 ಮೀಟರ್, ಅಗಲ 3 ಮೀಟರ್. ಚಾವಣಿ 9 ಚದರ ಮೀಟರ್ ಆಯಿತು. ಗಾಳಿ ಅದರ ಅಡಿಗೆ ನುಗ್ಗಿ ಅಷ್ಟೂ ಬಲದಿಂದ ಮೇಲೆತ್ತಿತು ಅಂದುಕೊಂಡರೆ, 36 ಕಿಮೀ ವೇಗಕ್ಕೆ ಸುಮಾರು 55 ಕೆಜಿ, 72 ಕಿಮೀ ವೇಗಕ್ಕೆ ಸುಮಾರು 225 ಕೆಜಿ. ಟೆಂಟಿನ ಆಕಾರ ನೋಡಿಕೊಂಡು ಈ ಸಂಖ್ಯೆ ಹೆಚ್ಚು ಕಡಿಮೆ ಆಗುತ್ತದೆ. ಆದರೆ ಕಂಬದ ಬುಡದಲ್ಲಿ ಒಂದೆರಡು ಇಟ್ಟಿಗೆ ಇಟ್ಟು ಸುಮ್ನೆ ಕೂತರೆ ಆಗುವುದಿಲ್ಲ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ ಅಲ್ವಾ?

ಟೆಂಟನ್ನು ಹಿಡಿದಿಡಲು ಎರಡು ದಾರಿ. ನೆಲಕ್ಕೆ ಗೂಟ ಹೊಡೆಯುವುದು, ಇಲ್ಲವೇ ಭಾರ ಕಟ್ಟುವುದು. ಗಟ್ಟಿ ಮಣ್ಣಿದ್ದರೆ ಗೂಟವೇ ಮೇಲು. ಉದ್ದದ ಕಬ್ಬಿಣದ ಗೂಟ ಇರಲಿ. ಅದರ ತಲೆ ಟೆಂಟಿನಿಂದ ಆಚೆಗೆ ವಾಲಿರುವ ಹಾಗೆ ಓರೆಯಾಗಿ ಹೊಡೆಯಬೇಕು. ಹಗ್ಗ ಕಂಬದ ತಲೆಯಿಂದ ಇಳಿಜಾರಾಗಿ ಬಂದು ಗೂಟವನ್ನು ಸೇರಬೇಕು. ಒಂದು ಎಚ್ಚರ: ಹುಲ್ಲಿನ ಕೆಳಗೆ ನೀರಿನ ಪೈಪ್, ಗ್ಯಾಸ್ ಪೈಪ್, ಕರೆಂಟ್ ಕೇಬಲ್ ಎಲ್ಲಿ ಹೋಗಿವೆ ಅಂತ ತಿಳಿದುಕೊಂಡ ಮೇಲೆಯೇ ಗೂಟ ಹೊಡೆಯಿರಿ. ಇನ್ನೊಂದು ಎಚ್ಚರ: ಮಣ್ಣು ನೆನೆದಷ್ಟೂ ಗೂಟದ ಹಿಡಿತ ಸಡಿಲವಾಗುತ್ತದೆ. ಒಣ ನೆಲದಲ್ಲಿ ಅಲ್ಲಾಡದ ಗೂಟ ಒಂದು ಗಂಟೆ ಮಳೆ ಸುರಿದ ಮೇಲೆ ಕೈಯಲ್ಲಿ ಎಳೆದರೂ ಬರಬಹುದು. ಮಳೆ ನಿಂತ ಕೂಡಲೇ ಎಲ್ಲ ಗೂಟಗಳನ್ನೂ ಒಂದು ಸುತ್ತು ನೋಡಿಬನ್ನಿ.

ಕಲ್ಲುಹಾಸಿನ ಅಂಗಳವಾದರೆ ಗೂಟ ಹೊಡೆಯಲಾಗುವುದಿಲ್ಲ. ಆಗ ಭಾರವೇ ಗತಿ. ನೀರು ತುಂಬಿದ ಡ್ರಮ್ ಒಳ್ಳೆಯದು, ಯಾಕೆಂದರೆ ಲೆಕ್ಕ ಸುಲಭ. ಒಂದು ಲೀಟರಿಗೆ ಒಂದು ಕೆಜಿ. 20 ಲೀಟರಿನ ಕ್ಯಾನ್ ಅಂದರೆ 20 ಕೆಜಿ, ಒಂದೊಂದು ಕಾಲಿಗೆ ಒಂದೊಂದು ಕಟ್ಟಿದರೂ ಒಟ್ಟು 80 ಆಯಿತು. ಅದು ಹಗುರ ಗಾಳಿಗೆ ಸಾಕು, ಬಿರುಗಾಳಿಗೆ ಅಲ್ಲ. ಭಾರವನ್ನು ಕಾಲಿನ ತಟ್ಟೆಯ ಮೇಲೆ ಇಟ್ಟರೆ ಸಾಲದು. ಟೆಂಟಿನ ಮೇಲಿನ ಮೂಲೆಯಿಂದ ಪಟ್ಟಿ ಇಳಿಬಿಟ್ಟು ಬಿಗಿಯಾಗಿ ಕಟ್ಟಬೇಕು. ನೆಲಕ್ಕೆ ಕಚ್ಚಿಕೊಳ್ಳದ ಭಾರ ಗಾಳಿಗೆ ಜಾರುತ್ತದೆ ಅನ್ನುವುದೂ ನೆನಪಿರಲಿ. ಗೂಟದಷ್ಟು ಭರವಸೆ ಭಾರದ ಮೇಲೆ ನನಗಿಲ್ಲ.

ಪಕ್ಕದ ಪರದೆಗಳ ವಿಷಯ ಸ್ವಲ್ಪ ಸೂಕ್ಷ್ಮ. ಗಾಳಿ ಬರುವ ಕಡೆ ತೆರೆದು, ಉಳಿದ ಮೂರು ಕಡೆ ಮುಚ್ಚಿದರೆ ಅದೇ ಅತಿ ಕೆಟ್ಟ ಜೋಡಣೆ. ಒಳಗೆ ನುಗ್ಗಿದ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ಅದೇ ಹೊತ್ತಿಗೆ ಚಾವಣಿಯ ಮೇಲೆ ಹಾದುಹೋಗುವ ಗಾಳಿಯೂ ಅದನ್ನು ಮೇಲಕ್ಕೆ ಸೆಳೆಯುತ್ತದೆ. ಎರಚಲು ತಡೆಯಲು ಪರದೆ ಹಾಕುವುದಾದರೆ ಗಾಳಿ ಬರುವ ಕಡೆಯೇ ಹಾಕಿ, ಎದುರಿನ ಕಡೆ ತೆರೆದಿಡಿ. ಗಾಳಿ ದಿಕ್ಕು ಬದಲಿಸಿದರೆ ಪರದೆಯೂ ಬದಲಾಗಬೇಕು. ಹಾಗಾಗಿ ಹೊಲಿದು ಕೂರಿಸಿದ ಪರದೆಗಿಂತ ಬೇಗ ಬಿಚ್ಚಿ ಕಟ್ಟಬಹುದಾದ ಪರದೆ ವಾಸಿ.

ಗಾಳಿಯ ವೇಗ ಅಳೆಯುವ ಯಂತ್ರ ಎಲ್ಲರ ಹತ್ತಿರ ಇರುವುದಿಲ್ಲ. ಬೇಕಾಗಿಯೂ ಇಲ್ಲ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫೋರ್ಟ್ 1805ರಲ್ಲಿ ಗಾಳಿಗೆ ಒಂದು ಮಾಪಕ ಮಾಡಿದರು. ಅವರ ಮಾಪಕ ಸಮುದ್ರದ ಹಡಗುಗಳಿಗಾಗಿ ಹುಟ್ಟಿದ್ದು. ಆಮೇಲೆ ಅದಕ್ಕೆ ನೆಲದ ಮೇಲಿನ ಗುರುತುಗಳೂ ಸೇರಿದವು. ಧೂಳು ಏಳುತ್ತಿದೆ, ಕಾಗದ ಹಾರುತ್ತಿದೆ, ಸಣ್ಣ ಕೊಂಬೆ ಅಲ್ಲಾಡುತ್ತಿದೆ ಅಂದರೆ 4ನೇ ಹಂತ, ಗಂಟೆಗೆ 20ರಿಂದ 28 ಕಿಮೀ. ಎಲೆ ತುಂಬಿದ ಸಣ್ಣ ಮರಗಳು ಓಲಾಡಲು ಶುರುವಾದರೆ 5ನೇ ಹಂತ, 29ರಿಂದ 38. ದೊಡ್ಡ ಕೊಂಬೆಗಳು ಅಲ್ಲಾಡಿ, ಕೊಡೆ ಹಿಡಿಯುವುದು ಕಷ್ಟವಾದರೆ 6, ಅಂದರೆ 39ರಿಂದ 49. ಮರಕ್ಕೆ ಮರವೇ ಅಲ್ಲಾಡಿ ಎದುರು ಗಾಳಿಗೆ ನಡೆಯಲು ಕಷ್ಟವಾದರೆ 7, 50ರಿಂದ 61.

ನನ್ನ ಪ್ರಕಾರ ಸಣ್ಣ ಮರಗಳು ಓಲಾಡುವ ಹಂತಕ್ಕೆ ಬಂದಾಗಲೇ ಮಡಚುವ ಟೆಂಟುಗಳನ್ನೂ ಮೇಜಿನ ದೊಡ್ಡ ಕೊಡೆಗಳನ್ನೂ ಇಳಿಸಿಬಿಡಬೇಕು. ಕೊಡೆ ಹಿಡಿಯಲು ಕಷ್ಟವಾಗುವ ಹಂತದಲ್ಲಿ ಟೆಂಟಿನ ಕೆಳಗೆ ಜನ ಇರಬಾರದು. ದೊಡ್ಡ ಟೆಂಟ್ ಬಾಡಿಗೆಗೆ ತರುವುದಾದರೆ ಅದು ಎಷ್ಟು ಗಾಳಿಯವರೆಗೆ ತಡೆಯುತ್ತದೆ ಅಂತ ಕೊಡುವವರನ್ನು ಕೇಳಿ, ಬರೆದು ತೆಗೆದುಕೊಳ್ಳಿ. ಸಂಖ್ಯೆ ಹೇಳಲಾಗದವರ ಟೆಂಟನ್ನು ತರದೇ ಇರುವುದೇ ಒಳ್ಳೆಯದು.

ಗುಡುಗು ಮೋಡದ ಗಾಳಿ ಇನ್ನೊಂದು ಬಗೆ. ಮೋಡದಿಂದ ಮಳೆಯ ಜೊತೆ ತಣ್ಣನೆಯ ಗಾಳಿ ಕೆಳಗೆ ಬೀಳುತ್ತದೆ. ನೆಲ ಮುಟ್ಟಿದ ಮೇಲೆ ಅದು ಸುತ್ತಲೂ ಹರಡಿಕೊಂಡು ಮಳೆಗಿಂತ ಮುಂದೆ ಓಡುತ್ತದೆ. ಅಂದರೆ ನಿಮ್ಮ ತೋಟದಲ್ಲಿ ಒಂದು ಹನಿ ಬೀಳುವ ಮೊದಲೇ ಬಿರುಗಾಳಿ ಬಂದಿರುತ್ತದೆ. 2011ರ ಆಗಸ್ಟ್ 13ರಂದು ಅಮೆರಿಕದ ಇಂಡಿಯಾನಾ ರಾಜ್ಯದ ಮೇಳದಲ್ಲಿ ಆದದ್ದು ಇದೇ. ಸಂಗೀತ ಕಾರ್ಯಕ್ರಮಕ್ಕೆ ಜನ ಕಾಯುತ್ತಿದ್ದರು. ಗುಡುಗುಮಳೆ ಹತ್ತಿರ ಬರುತ್ತಿತ್ತು. ಅದರ ಮುಂದೆ ಓಡಿಬಂದ ಗಾಳಿಗೆ ವೇದಿಕೆಯ ಚಾವಣಿ ಕುಸಿದು 7 ಜನ ಸತ್ತರು. ನಮ್ಮದು ಸಣ್ಣ ಕೂಟ ಇರಬಹುದು. ಗಾಳಿಯ ರೀತಿ ಮಾತ್ರ ಅದೇ. ಸೆಕೆಯ ದಿನ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಬೀಸಿ, ಒಂದು ಕಡೆ ಆಕಾಶ ಕಪ್ಪಾಗಿದ್ದರೆ ನಿಮಗಿರುವುದು ಕೆಲವೇ ನಿಮಿಷ. ಆ ನಿಮಿಷಗಳನ್ನು ಮೇಜಿನ ಬಟ್ಟೆ ಉಳಿಸಲು ಕಳೆಯಬೇಡಿ. ಜನರನ್ನು ಒಳಗೆ ಕಳಿಸಿ.

ಪಾರ್ಟಿಗೆ ಒಂದು ವಾರ ಮೊದಲು ತೋಟದ ಮರಗಳನ್ನೂ ಒಮ್ಮೆ ಕತ್ತೆತ್ತಿ ನೋಡಿ. ಒಣಗಿದ ಕೊಂಬೆ, ಸೀಳಿದ ಕೊಂಬೆ ಇದ್ದರೆ ಕಡಿಸಿ. ಆಗದಿದ್ದರೆ ಅದರ ಕೆಳಗೆ ಕುರ್ಚಿ ಹಾಕಬೇಡಿ.

ಸಿಡಿಲು

ಇಲ್ಲಿ ಯೋಚಿಸಿ ನೋಡೋಣ ಅನ್ನುವ ಮಾತೇ ಇಲ್ಲ. ಟೆಂಟು, ಹುಲ್ಲಿನ ಚಪ್ಪರ, ಗೋಡೆಯಿಲ್ಲದ ಮಂಟಪ, ಮರದಡಿ, ಯಾವುದೂ ಸಿಡಿಲಿನಿಂದ ಕಾಪಾಡುವುದಿಲ್ಲ. ಟೆಂಟಿನ ಲೋಹದ ಕಂಬ, ಒಂಟಿ ಎತ್ತರದ ಮರ ಅಪಾಯವನ್ನು ಹೆಚ್ಚಿಸುತ್ತವೆ. ಸುರಕ್ಷಿತ ಜಾಗ ಅಂದರೆ ಗೋಡೆ, ಚಾವಣಿ, ವೈರಿಂಗ್, ನೀರಿನ ಪೈಪ್ ಇರುವ ಕಟ್ಟಡ. ಇಲ್ಲವೇ ಲೋಹದ ಚಾವಣಿ ಇದ್ದು ಕಿಟಕಿ ಮುಚ್ಚಿದ ಕಾರು.

ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ದೂರದಲ್ಲಿದೆ ಅಂತ ಗೊತ್ತಾಗುತ್ತದೆ. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು 10 ಕಿಮೀ ಒಳಗಿದೆ. ಮುಂದಿನ ಸಿಡಿಲು ನಿಮ್ಮ ಮೇಲೇ ಬೀಳಬಹುದು. ಎಲ್ಲರೂ ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾದು ಹೊರಗೆ ಬರಬೇಕು. ನಡುವೆ ಇನ್ನೊಂದು ಗುಡುಗು ಕೇಳಿದರೆ ಎಣಿಕೆ ಮತ್ತೆ ಮೊದಲಿನಿಂದ. ಎಣಿಸುವುದು ತಲೆಬಿಸಿ ಅನ್ನಿಸಿದರೆ ಇನ್ನೂ ಸುಲಭದ ನಿಯಮವಿದೆ: ಗುಡುಗು ಕೇಳಿತೇ, ಒಳಗೆ ನಡೆಯಿರಿ. ಮಳೆ ಇಲ್ಲ, ಬಿಸಿಲಿದೆ ಅನ್ನುವುದು ಲೆಕ್ಕಕ್ಕಿಲ್ಲ. ಸಿಡಿಲು ಮಳೆಯ ಮೋಡದಿಂದ ಎಷ್ಟೋ ಕಿಲೋಮೀಟರ್ ಆಚೆಗೂ ಬೀಳುತ್ತದೆ.

ಇನ್ನು ಮಳೆ

ಮಳೆಯ ಅಳತೆಯನ್ನು ತೂಕವಾಗಿ ನೋಡಲು ಕಲಿತರೆ ಟೆಂಟಿನ ಬಗ್ಗೆ ಬೇರೆಯೇ ಗೌರವ ಹುಟ್ಟುತ್ತದೆ. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ 1 ಲೀಟರ್ ನೀರು. 6 ಮೀಟರ್ ಉದ್ದ, 6 ಮೀಟರ್ ಅಗಲದ ಚಾವಣಿ 36 ಚದರ ಮೀಟರ್. 10 ಮಿಮೀ ಮಳೆ ಬಿದ್ದರೆ ಅದರ ಮೇಲೆ ಬೀಳುವುದು 360 ಲೀಟರ್, ಅಂದರೆ 360 ಕೆಜಿ. ಚಾವಣಿ ಇಳಿಜಾರಾಗಿದ್ದು ಬಟ್ಟೆ ಬಿಗಿಯಾಗಿದ್ದರೆ ಅಷ್ಟೂ ಹರಿದುಹೋಗುತ್ತದೆ. ಬಟ್ಟೆ ಎಲ್ಲಾದರೂ ಜೋತಿದ್ದರೆ ಅಲ್ಲಿ ನೀರು ನಿಲ್ಲುತ್ತದೆ. ನಿಂತ ನೀರಿನ ಭಾರಕ್ಕೆ ಬಟ್ಟೆ ಇನ್ನಷ್ಟು ಜೋಲುತ್ತದೆ, ಇನ್ನಷ್ಟು ನೀರು ಬಂದು ಸೇರುತ್ತದೆ. ಟಾರ್ಪಾಲಿನ್ನನ್ನು ಚಪ್ಪಟೆಯಾಗಿ ಎಳೆದು ಕಟ್ಟಿದವರಿಗೆ ಕಂಬ ಬಾಗುವುದು ಯಾಕೆ ಅಂತ ಈಗ ಗೊತ್ತಾಗಿರಬೇಕು.

ಹಾಗಾಗಿ ನಡುವೆ ಎತ್ತರ, ಅಂಚಿನಲ್ಲಿ ತಗ್ಗು ಇರಲೇಬೇಕು. ನೈಲಾನ್ ಬಟ್ಟೆ ನೆನೆದಾಗ ಹಿಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ನೈಲಾನ್ ಆದರೆ ಮಳೆ ಶುರುವಾದ ಮೇಲೆ ಇನ್ನೊಮ್ಮೆ ಬಿಗಿಮಾಡಿ. ಗುಂಡಿಯಾಗಿ ನಿಂತ ನೀರನ್ನು ಕೋಲಿನಿಂದ ಮೇಲೆ ತಳ್ಳುವಾಗ ಕೆಳಗೆ ಯಾರೂ ಇರಬಾರದು. ಕೋಲಿನ ತುದಿ ಚೂಪಾಗಿರಬಾರದು, ಬಟ್ಟೆ ಸುತ್ತಿರಬೇಕು. ಎರಡು ಟೆಂಟು ಅಕ್ಕಪಕ್ಕ ಹಾಕಿದರೆ ನಡುವಿನ ಸಂದಿನಲ್ಲಿ ಎರಡೂ ಚಾವಣಿಯ ನೀರು ಸುರಿಯುತ್ತದೆ. ಅಲ್ಲಿ ನೀರು ಹರಿದುಹೋಗುವ ದೋಣಿ ಕಟ್ಟಿಸಿ, ಇಲ್ಲವೇ ಒಂದನ್ನು ಇನ್ನೊಂದರ ಮೇಲೆ ಸ್ವಲ್ಪ ಹಾಯಿಸಿ.

ಆದರೆ ಮೇಲಿನಿಂದ ಬರುವ ನೀರಿಗಿಂತ ಕಾಲಡಿಯ ನೀರೇ ಪಾರ್ಟಿಯನ್ನು ಜಾಸ್ತಿ ಕೆಡಿಸುತ್ತದೆ. ತಲೆ ನೆನೆಯದಿದ್ದರೂ ಕಾಲು ಕೆಸರಲ್ಲಿದ್ದರೆ ಯಾರೂ ನಿಲ್ಲುವುದಿಲ್ಲ. ಮುಂಚಿತವಾಗಿ ಒಂದು ಪರೀಕ್ಷೆ ಮಾಡಿ. ಟೆಂಟ್ ಹಾಕುವ ಜಾಗದಲ್ಲಿ ಒಂದು ಗೇಣು ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ ನೋಡಿ. ಎರಡನೇ ಸಲದ ನೀರು ಗಂಟೆಗಟ್ಟಲೆ ಹಾಗೇ ನಿಂತಿದ್ದರೆ ಅದು ಜೇಡಿಮಣ್ಣು. ಜೋರು ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ. ತೋಟದಲ್ಲಿ ಅದಕ್ಕಿಂತ ಎತ್ತರದ ಜಾಗ ಇದ್ದರೆ ಅಲ್ಲಿಗೆ ಹೋಗಿ, ನೋಡಲು ಅಷ್ಟು ಚೆಂದ ಇಲ್ಲದಿದ್ದರೂ ಪರವಾಗಿಲ್ಲ. ಪಾರ್ಟಿಗೆ ಮೂರ್ನಾಲ್ಕು ದಿನ ಮೊದಲೇ ಹುಲ್ಲಿಗೆ ನೀರು ಬಿಡುವುದನ್ನು ನಿಲ್ಲಿಸಿ.

ಹುಲ್ಲು ಮೊದಲು ಕೆಸರಾಗುವುದು ಎಲ್ಲರೂ ನಡೆಯುವ ದಾರಿಯಲ್ಲಿ: ಮನೆಯ ಬಾಗಿಲಿನಿಂದ ಟೆಂಟಿಗೆ, ಟೆಂಟಿನಿಂದ ಊಟದ ಮೇಜಿಗೆ, ಶೌಚಾಲಯಕ್ಕೆ. ಅಷ್ಟು ಜಾಗಕ್ಕೆ ಹಲಗೆ, ರಬ್ಬರ್ ಮ್ಯಾಟ್ ಅಥವಾ ಮರದ ಚಕ್ಕೆ ಹಾಸಿದರೆ ಬಹುಪಾಲು ಕೆಲಸ ಮುಗಿಯಿತು. ಇಡೀ ತೋಟಕ್ಕೆ ಹಾಸಬೇಕಾಗಿಲ್ಲ. ಒದ್ದೆ ಹಲಗೆ ಜಾರುತ್ತದೆ, ವಯಸ್ಸಾದವರು ಬರುವುದಿದ್ದರೆ ಅದರ ಮೇಲೆ ಒರಟು ಮ್ಯಾಟ್ ಇರಲಿ. ಚೂಪು ಹಿಮ್ಮಡಿಯ ಚಪ್ಪಲಿ ಬೇಡ ಅಂತ ಆಹ್ವಾನದಲ್ಲೇ ಹೇಳಿಬಿಡಿ. ಬಂದವರಿಗೆ ಅದು ಉಪಕಾರ.

ಕರೆಂಟು ಮತ್ತು ಬೆಂಕಿ

ನೀರು ಮತ್ತು ಕರೆಂಟು ಒಂದೇ ಹುಲ್ಲಿನ ಮೇಲೆ ಇರುವಾಗ ಅಂದಾಜಿನ ಕೆಲಸ ಮಾಡಬಾರದು. ಹೊರಗೆ ಹೋಗುವ ಪ್ರತಿ ಲೈನಿಗೂ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚಿನ ರಕ್ಷಣೆ ಇರಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ಅದು ಕರೆಂಟನ್ನು ಕಡಿದುಹಾಕುತ್ತದೆ. ಅದರ ಟೆಸ್ಟ್ ಗುಂಡಿ ಒತ್ತಿ ಕೆಲಸ ಮಾಡುತ್ತಿದೆಯೇ ಅಂತ ಮೊದಲೇ ನೋಡಿ. ದೀಪ, ಪ್ಲಗ್ ಕೊಳ್ಳುವಾಗ ಅದು ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ಸಂಖ್ಯೆ ನೋಡಿ. ಅದರ ಎರಡನೇ ಅಂಕಿ ನೀರಿಗೆ ಸಂಬಂಧಿಸಿದ್ದು. ಐಪಿ44 ಅಂದರೆ ಯಾವ ಕಡೆಯಿಂದ ನೀರು ಚಿಮುಕಿದರೂ ತಡೆಯುತ್ತದೆ, ಐಪಿ65 ಅಂದರೆ ಪೈಪಿನಿಂದ ನೀರು ಹಾಯಿಸಿದರೂ ತಡೆಯುತ್ತದೆ. ಮನೆಯೊಳಗೆ ಬಳಸುವ ಎಕ್ಸ್‌ಟೆನ್ಶನ್ ಬಾಕ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹೊರಗಿಡುವ ಅಭ್ಯಾಸ ದಯವಿಟ್ಟು ಬಿಡಿ. ಜೋಡಣೆಗಳು ನೆಲದಿಂದ ಮೇಲಿರಲಿ. ವೈರು ಪ್ಲಗ್ಗಿಗೆ ಸೇರುವ ಮುನ್ನ ಒಂದು ಬಾಗು ಕೆಳಗಿಳಿದು ಮೇಲೆ ಹೋಗಲಿ. ಆಗ ವೈರಿನ ಮೇಲೆ ಹರಿದುಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ. ಸುರುಳಿ ಸುತ್ತಿದ ಉದ್ದದ ಕೇಬಲ್ ಬಳಸುವುದಾದರೆ ಪೂರ್ತಿ ಬಿಚ್ಚಿ ಬಳಸಿ. ಸುತ್ತಿದ ಹಾಗೇ ಇದ್ದರೆ ಕಾದು ಕರಗಬಹುದು.

ಮಳೆ ಬಂತು ಅಂತ ಒಲೆ, ಇದ್ದಿಲಿನ ಗ್ರಿಲ್ ಅನ್ನು ಟೆಂಟಿನೊಳಗೆ ತರುವುದು ತೀರಾ ಅಪಾಯ. ಬಟ್ಟೆಗೆ ಬೆಂಕಿ ಹತ್ತುವುದು ಒಂದು ಭಯ. ಅದಕ್ಕಿಂತ ಮೋಸದ್ದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜ್ವಾಲೆ ಆರಿ ಕೆಂಡ ಮಾತ್ರ ಉಳಿದಾಗಲೂ ಅದು ಬರುತ್ತಲೇ ಇರುತ್ತದೆ. ಜನರೇಟರ್ ಇದ್ದರೆ ಟೆಂಟಿನಿಂದಲೂ ಮನೆಯ ಕಿಟಕಿ ಬಾಗಿಲಿನಿಂದಲೂ ಕನಿಷ್ಠ 6 ಮೀಟರ್ ದೂರದಲ್ಲಿರಲಿ.

ಬಿಸಿಲು, ಚಳಿ, ಊಟ

ಬಿಸಿಲಿನ ದಿನ ಟೆಂಟಿನ ಪರದೆಗಳನ್ನೆಲ್ಲ ಬಿಚ್ಚಿ ಗಾಳಿ ಆಡಲು ಬಿಡಿ. ನೆರಳು ಮತ್ತು ಗಾಳಿ ಎರಡೂ ಒಟ್ಟಿಗೆ ಬೇಕು. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಬೆವರು ಆರುವುದಿಲ್ಲ. ಅದಕ್ಕೇ ಒಣ ಸೆಕೆಗಿಂತ ತೇವದ ಸೆಕೆ ಹೆಚ್ಚು ಅಪಾಯ. ಮಕ್ಕಳು, ವಯಸ್ಸಾದವರು ಕೂರುವ ಜಾಗ ಮಧ್ಯಾಹ್ನವಿಡೀ ನೆರಳಲ್ಲಿ ಇರುತ್ತದೆಯೇ ಅಂತ ಒಂದು ದಿನ ಮೊದಲು ಅದೇ ಹೊತ್ತಿಗೆ ಹೋಗಿ ನೋಡಿ. ನೆರಳು ಸರಿಯುತ್ತಾ ಹೋಗುತ್ತದೆ.

ಚಳಿಯಲ್ಲೂ ಗಾಳಿಯದೇ ಕಾರುಬಾರು. 10 ಡಿಗ್ರಿ ಇರುವಾಗ ಗಂಟೆಗೆ 30 ಕಿಮೀ ಗಾಳಿ ಬೀಸಿದರೆ ಮೈಗೆ ಸುಮಾರು 7 ಡಿಗ್ರಿಯಂತೆ ತಟ್ಟುತ್ತದೆ. ಹೀಟರ್ ತರುವ ಮೊದಲು ಗಾಳಿಗೆ ಒಂದು ಅಡ್ಡ ಮಾಡಿ. ಹೊದೆಯಲು ಕಂಬಳಿ ಇಡಿ.

ಊಟದ ನಿಯಮ ಚಿಕ್ಕದು. 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಬಿಸಿಯದು 60ರ ಮೇಲೆ, ತಣ್ಣನೆಯದು 5ರ ಕೆಳಗೆ ಇರಲಿ. ಮಾಡಿದ ಅಡುಗೆ ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆ. ಮಳೆಗೆ ಎಲ್ಲರೂ ಒಳಗೆ ಓಡಿ ಒಂದೂವರೆ ಗಂಟೆ ಕಳೆದರೆ ಆ ಹೊತ್ತೂ ಈ ಲೆಕ್ಕಕ್ಕೆ ಸೇರುತ್ತದೆ ಅನ್ನುವುದನ್ನು ಮರೆಯುವವರೇ ಜಾಸ್ತಿ.

ನಿಲ್ಲಿಸುವ ಮಾತು ಯಾರದು

ಇಂಡಿಯಾನಾದ ದುರಂತದ ತನಿಖೆಯಲ್ಲಿ ಹೊರಬಂದ ಒಂದು ವಿಷಯ, ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಯಾರದು ಅನ್ನುವುದೇ ಅಲ್ಲಿ ಸ್ಪಷ್ಟವಿರಲಿಲ್ಲ ಅನ್ನುವುದು. ಮನೆಯ ಪಾರ್ಟಿಯಲ್ಲೂ ಇದೇ ಆಗುತ್ತದೆ. ಆಕಾಶ ಕಪ್ಪಾಗುತ್ತದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇನ್ನೇನು ಕೇಕ್ ಕತ್ತರಿಸಿಬಿಡೋಣ, ಹತ್ತೇ ನಿಮಿಷ ಅನ್ನುತ್ತಾರೆ. ಖರ್ಚು ಮಾಡಿದವರಿಗೆ, ಕಷ್ಟಪಟ್ಟವರಿಗೆ ಆ ಹೊತ್ತಿನಲ್ಲಿ ನಿಲ್ಲಿಸಿ ಅನ್ನಲು ಬಾಯಿ ಬರುವುದಿಲ್ಲ.

ಅದಕ್ಕೇ ಆತಿಥ್ಯದ ಗಡಿಬಿಡಿಯಲ್ಲಿ ಇಲ್ಲದ ಒಬ್ಬರಿಗೆ ಆ ಕೆಲಸ ಕೊಡಿ. ಅಣ್ಣನೋ, ಗೆಳತಿಯೋ, ಯಾರಾದರೂ ಆಗಬಹುದು. ರೇಡಾರ್ ನೋಡುವುದು, ಮರ ನೋಡುವುದು, ಗುಡುಗಿಗೆ ಕಿವಿ ಕೊಡುವುದು ಅವರ ಕೆಲಸ. ಅವರು ಹೇಳಿದರೆ ಮುಗಿಯಿತು, ಚರ್ಚೆ ಇಲ್ಲ. ಯಾವ ಗುರುತು ಕಂಡರೆ ಏನು ಮಾಡಬೇಕು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ. ಸಣ್ಣ ಮರ ಓಲಾಡಿದರೆ ಸಣ್ಣ ಟೆಂಟು ಇಳಿಸುವುದು. ಕೊಡೆ ನಿಲ್ಲದಿದ್ದರೆ ಟೆಂಟು ಖಾಲಿ. ಗುಡುಗು ಕೇಳಿದರೆ ಎಲ್ಲರೂ ಒಳಗೆ.

ಒಳಗೆ ಅಂದರೆ ಎಲ್ಲಿಗೆ? ಇದನ್ನು ಅಳೆದು ನೋಡಿ. ಮೇಜು ಹಾಕಿ ಕೂರಿಸಲು ತಲಾ ಒಂದು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು. ನಿಂತು ಮಾತಾಡಲು ಮುಕ್ಕಾಲು ಚದರ ಮೀಟರ್ ಸಾಕು. 4 ಮೀಟರ್ ಅಗಲ, 5 ಮೀಟರ್ ಉದ್ದದ ಖಾಲಿ ಕೋಣೆಯಲ್ಲಿ ಸುಮಾರು 25 ಜನ ನಿಲ್ಲಬಹುದು, ಸೋಫಾ ಇದ್ದರೆ ಅಷ್ಟೂ ಇಲ್ಲ. ನೀವು 60 ಜನರನ್ನು ಕರೆದಿದ್ದು ಮನೆಯಲ್ಲಿ ಹಿಡಿಸುವುದು 25 ಆದರೆ ಮಳೆಯ ದಿನಕ್ಕೆ ನಿಮ್ಮ ಹತ್ತಿರ ಇನ್ನೂ ದಾರಿ ಇಲ್ಲ ಅಂತಲೇ ಅರ್ಥ. ಆಗ ಇರುವುದು ಮೂರು ಆಯ್ಕೆ: ಕಡಿಮೆ ಜನರನ್ನು ಕರೆಯುವುದು, ಹತ್ತಿರದಲ್ಲಿ ಒಂದು ಹಾಲ್ ಹಿಡಿದಿಡುವುದು, ಇಲ್ಲವೇ ಇನ್ನೊಂದು ದಿನಾಂಕವನ್ನು ಆಹ್ವಾನದಲ್ಲೇ ಬರೆಯುವುದು. ನನಗೆ ಮೂರನೆಯದು ಇಷ್ಟ. ಬರುವವರೂ ಎರಡೂ ದಿನ ಬಿಡುವು ಮಾಡಿಕೊಂಡಿರುತ್ತಾರೆ.

ಮುಂದೂಡುವ ತೀರ್ಮಾನಕ್ಕೂ ಒಂದು ಗಡುವು ಇಡಿ. ಹಿಂದಿನ ದಿನ ಸಂಜೆ ಸರಿಯಾದ ಹೊತ್ತು. ಆಗ ಮುನ್ಸೂಚನೆ ಸಾಕಷ್ಟು ಗಟ್ಟಿಯಾಗಿರುತ್ತದೆ. ದೂರದಿಂದ ಬರುವವರು ಇನ್ನೂ ಹೊರಟಿರುವುದಿಲ್ಲ, ಅಡುಗೆ ಶುರುವಾಗಿರುವುದಿಲ್ಲ. ಎಷ್ಟು ಗಂಟೆಗೆ, ಯಾವ ಫೋನಿನಿಂದ ಸುದ್ದಿ ಬರುತ್ತದೆ ಅಂತ ಮೊದಲೇ ತಿಳಿಸಿದ್ದರೆ ಬೆಳಗ್ಗೆಯಿಂದ ನಲವತ್ತು ಕರೆಗಳಿಗೆ ಉತ್ತರ ಕೊಡುವುದು ತಪ್ಪುತ್ತದೆ.

ಮುಗಿದ ಮೇಲಿನ ಕೆಲಸವೂ ಸ್ವಲ್ಪ ಇದೆ. ನೆನೆದ ಟೆಂಟನ್ನು ಹಾಗೇ ಮಡಚಿ ಚೀಲಕ್ಕೆ ತುಂಬಿದರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಮಾರನೇ ದಿನವೇ ಹರವಿ, ಹೊಲಿಗೆ ಮತ್ತು ಮೂಲೆಗಳು ಪೂರ್ತಿ ಒಣಗಿದ ಮೇಲೆ ಮಡಚಿ. ನೀರು ನಿಂತ ಹುಲ್ಲಿನ ಮೇಲೆ ಒಂದೆರಡು ದಿನ ಓಡಾಡಬೇಡಿ, ಮಣ್ಣು ಅಮುಕಿ ಗಟ್ಟಿಯಾದರೆ ಬೇರಿಗೆ ಗಾಳಿ ಹೋಗುವುದಿಲ್ಲ. ಕಿತ್ತ ಗೂಟಗಳನ್ನು ಎಣಿಸಿ ಇಟ್ಟುಕೊಳ್ಳಿ. ಹುಲ್ಲಿನಲ್ಲಿ ಉಳಿದುಹೋದ ಒಂದು ಗೂಟ ಬರಿಗಾಲಿನ ಮಗುವಿಗೂ ಸಿಗಬಹುದು, ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡಿಗೂ ಸಿಗಬಹುದು.